ಡೆಸ್ಕ್‌ಟಾಪ್ ಕಂಪ್ಯೂಟರಿನ ಸದ್ದಿಲ್ಲದ ತಂಪು ವ್ಯವಸ್ಥೆ

ಡೆಸ್ಕ್‌ಟಾಪ್ ಕಂಪ್ಯೂಟರಿನ ಬಿಡಿಭಾಗಗಳಲ್ಲಿ ಹುಟ್ಟುವ ಬಿಸಿಯನ್ನು, ಕೂತು ಕೆಲಸ ಮಾಡುವವರ ಕಿವಿಗೆ ಕಿರಿಕಿರಿಯಾಗದಂತೆ ಕ್ಯಾಬಿನೆಟ್ಟಿನ ಹೊರಗೆ ಸಾಗಿಸುವ ಹೀಟ್‌ಸಿಂಕ್, ಫ್ಯಾನ್, ಗಾಳಿದಾರಿ ಮತ್ತು ವೇಗ ನಿಯಂತ್ರಣಗಳ ಒಟ್ಟು ಏರ್ಪಾಟು ಸದ್ದಿಲ್ಲದ ತಂಪು ವ್ಯವಸ್ಥೆ. ಪೂರ್ಣ ನಿಶ್ಶಬ್ದ ಇದರ ಗುರಿಯಲ್ಲ. ಯಂತ್ರದ ಸದ್ದು ಕೋಣೆಯ ಸಹಜ ಸದ್ದಿನಲ್ಲಿ ಕರಗಿಹೋಗುವಷ್ಟು ತಗ್ಗಿದ್ದರೆ ಅದನ್ನು ಸದ್ದಿಲ್ಲದ ಯಂತ್ರವೆಂದೇ ಲೆಕ್ಕ ಹಿಡಿಯುತ್ತಾರೆ.

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಪರಿಸರದಲ್ಲಿ ಈ ವ್ಯವಸ್ಥೆಯ ಆಯ್ಕೆಯನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟುವ ಬೇಸಿಗೆ, ವರ್ಷದ ಬಹುಭಾಗ ಏಳುವ ಧೂಳು, ಗಾಳಿಯಾಟ ಕಡಿಮೆಯಿರುವ ಕೋಣೆಗಳು. ತಂಪು ನಾಡಿನ ಕೋಣೆಯಲ್ಲಿ ಅಳೆದು ಅಚ್ಚುಮಾಡಿದ ಅಂಕಿಗಳು ಇಲ್ಲಿ ಹಾಗೆಯೇ ಸಿಗುವುದಿಲ್ಲ. ಆದ್ದರಿಂದ ಫ್ಯಾನ್ ಯಾವುದು ಎನ್ನುವಷ್ಟೇ ಗಾಳಿ ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹೋಗುತ್ತದೆ ಎನ್ನುವುದೂ ಮುಖ್ಯ.

ಪರಿಭಾಷೆ

ಅಂಗಡಿ ಮತ್ತು ಕಚೇರಿಗಳ ರೂಢಿಯಲ್ಲಿ ಇಡೀ ಪೆಟ್ಟಿಗೆಗೆ ‘ಸಿಪಿಯು’ ಎನ್ನುವುದುಂಟು. ಈ ಲೇಖನದಲ್ಲಿ ಪೆಟ್ಟಿಗೆ ಎಂಬರ್ಥದಲ್ಲಿ ಕ್ಯಾಬಿನೆಟ್, ಲೆಕ್ಕ ಮಾಡುವ ಚಿಪ್ ಎಂಬರ್ಥದಲ್ಲಿ ಪ್ರೊಸೆಸರ್ ಎಂಬ ಪದಗಳನ್ನು ಬಳಸಿದೆ. ಪ್ರೊಸೆಸರಿನ ಮೇಲೆ ಕೂರುವ ಹೀಟ್‌ಸಿಂಕ್ ಮತ್ತು ಫ್ಯಾನಿನ ಜೋಡಿ ಕೂಲರ್. ಬೇಸಿಗೆಯಲ್ಲಿ ಕಿಟಕಿಗೆ ಇಡುವ ನೀರಿನ ಯಂತ್ರ ರೂಮ್ ಕೂಲರ್. ವಿದ್ಯುತ್ ಪೂರೈಸುವ ಘಟಕಕ್ಕೆ ಎಸ್‌ಎಂಪಿಎಸ್ ಎಂಬ ಹೆಸರೇ ರೂಢಿಯಲ್ಲಿದೆ. ಹೊರಗಿನ ಗಾಳಿಯನ್ನು ಒಳಗೆ ಎಳೆಯುವ ಫ್ಯಾನ್ ಒಳಸೆಳೆ ಫ್ಯಾನ್, ಒಳಗಿನ ಬಿಸಿಗಾಳಿಯನ್ನು ಹೊರಗೆ ತಳ್ಳುವುದು ಹೊರತಳ್ಳು ಫ್ಯಾನ್. ಫ್ಯಾನಿನ ವೇಗವನ್ನು ನಿಮಿಷಕ್ಕೆ ಎಷ್ಟು ಸುತ್ತು ಎಂದೂ, ಅದು ಸಾಗಿಸುವ ಗಾಳಿಯನ್ನು ಸೆಕೆಂಡಿಗೆ ಎಷ್ಟು ಲೀಟರ್ ಎಂದೂ ಸೂಚಿಸಿದೆ. ಫ್ಯಾನಿನ ಪೊಟ್ಟಣದ ಮೇಲೆ ಕಾಣುವ ಸಿಎಫ್‌ಎಂ ಎಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಎಂಬ ಲೆಕ್ಕ. ಒಂದು ಸಿಎಫ್‌ಎಂ ಸೆಕೆಂಡಿಗೆ ಸುಮಾರು 0.47 ಲೀಟರಿಗೆ ಸಮ.

ಮೂಲ ಮತ್ತು ಬೆಳವಣಿಗೆ

ಕಂಪ್ಯೂಟರಿನ ಜೊತೆಗೇ ಅದರ ಬಿಸಿಯ ಸಮಸ್ಯೆಯೂ ಹುಟ್ಟಿತು. 1946ರಲ್ಲಿ ಫಿಲಡೆಲ್ಫಿಯಾದಲ್ಲಿ ಸಾರ್ವಜನಿಕರ ಮುಂದೆ ಬಂದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ವಾಲ್ವ್‌ಗಳಿದ್ದವು. ಅದು ಸುಮಾರು 150 ಕಿಲೋವ್ಯಾಟ್ ವಿದ್ಯುತ್ ಬಳಸುತ್ತಿತ್ತು. ಅಷ್ಟೂ ಬಿಸಿಯನ್ನು ಹೊರಹಾಕಲು ದೊಡ್ಡ ಬ್ಲೋವರ್‌ಗಳು ಬೇಕಾದವು. ಟ್ರಾನ್ಸಿಸ್ಟರ್ ಮತ್ತು ಚಿಪ್ ಬಂದ ಮೇಲೆ ಯಂತ್ರದ ಗಾತ್ರ ಕುಗ್ಗಿತು. ಆದರೆ ಚಿಕ್ಕ ಜಾಗದಲ್ಲಿ ಹೆಚ್ಚು ಬಿಸಿ ಒಟ್ಟುಗೂಡತೊಡಗಿತು. 1985ರ ಕ್ರೇ-2 ಸೂಪರ್ ಕಂಪ್ಯೂಟರಿನಲ್ಲಿ ಸರ್ಕಿಟ್‌ಗಳನ್ನು ವಿದ್ಯುತ್ ಹರಿಯದ ದ್ರವದಲ್ಲೇ ಮುಳುಗಿಸಲಾಗಿತ್ತು.

ಮೇಜಿನ ಮೇಲಿನ ಕಂಪ್ಯೂಟರಿಗೆ ಆರಂಭದಲ್ಲಿ ಇಷ್ಟೆಲ್ಲ ಬೇಕಿರಲಿಲ್ಲ. 1981ರಲ್ಲಿ ಐಬಿಎಂ ಬಿಡುಗಡೆ ಮಾಡಿದ ಪಿಸಿಯ ಎಸ್‌ಎಂಪಿಎಸ್ ಸಾಮರ್ಥ್ಯ 63.5 ವ್ಯಾಟ್. ಅದರೊಳಗಿನ ಒಂದೇ ಫ್ಯಾನ್ ಇಡೀ ಯಂತ್ರಕ್ಕೆ ಸಾಕಾಗಿತ್ತು. ಪ್ರೊಸೆಸರಿನ ಮೇಲೆ ಹೀಟ್‌ಸಿಂಕ್ ಕೂಡ ಇರಲಿಲ್ಲ. 1984ರ ಮೊದಲ ಮ್ಯಾಕಿಂಟಾಷ್ ಫ್ಯಾನ್ ಇಲ್ಲದೆ, ಬಿಸಿಗಾಳಿ ತಾನಾಗಿ ಮೇಲೇರುವ ಗುಣವನ್ನೇ ನೆಚ್ಚಿಕೊಂಡಿತ್ತು. 1993ರಲ್ಲಿ ಬಂದ ಪೆಂಟಿಯಂ ಪ್ರೊಸೆಸರುಗಳ ಕಾಲದಲ್ಲಿ ಹೀಟ್‌ಸಿಂಕಿನ ಮೇಲೊಂದು ಪುಟ್ಟ ಫ್ಯಾನ್ ಇರಿಸುವುದು ಸಾಮಾನ್ಯವಾಯಿತು.

1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾನದಂಡ ಮದರ್‌ಬೋರ್ಡ್, ಎಸ್‌ಎಂಪಿಎಸ್ ಮತ್ತು ಕ್ಯಾಬಿನೆಟ್ಟಿನ ಅಳತೆಗಳನ್ನು ಹೊಂದಿಸಿತು. ಮುಂದಿನಿಂದ ಒಳಕ್ಕೆ, ಹಿಂದಿನಿಂದ ಹೊರಕ್ಕೆ ಎಂಬ ಇಂದಿನ ಗಾಳಿದಾರಿ ಈ ಚೌಕಟ್ಟಿನಲ್ಲೇ ನೆಲೆಗೊಂಡಿತು. 2004ರ ಪೆಂಟಿಯಂ 4 ಪ್ರೆಸ್ಕಾಟ್ ಪ್ರೊಸೆಸರುಗಳಲ್ಲಿ ಕೆಲವು 115 ವ್ಯಾಟ್‌ವರೆಗೆ ಬಿಸಿ ಹೊರಸೂಸುತ್ತಿದ್ದವು. ಆ ಹೊತ್ತಿಗೆ ಫ್ಯಾನಿನ ಸದ್ದು ಗ್ರಾಹಕರ ಮುಖ್ಯ ದೂರಾಗಿತ್ತು. ಗಾಳಿದಾರಿಯನ್ನೇ ಕೇಂದ್ರವಾಗಿಟ್ಟುಕೊಂಡು ಇಂಟೆಲ್ ತಂದ ಬಿಟಿಎಕ್ಸ್ ಮಾನದಂಡ ಹೆಚ್ಚು ಕಾಲ ಬಾಳಲಿಲ್ಲ. 2006ರಲ್ಲಿ ಬಂದ ಕೋರ್ 2 ಡ್ಯುಯೊ ಬಿಸಿಯನ್ನು 65 ವ್ಯಾಟ್ ಮಟ್ಟಕ್ಕೆ ಇಳಿಸಿದಾಗ ಅದರ ಅಗತ್ಯವೇ ಕುಗ್ಗಿತು. ಅದೇ ದಶಕದಲ್ಲಿ ನಾಲ್ಕು ತಂತಿಯ ಪಿಡಬ್ಲ್ಯುಎಂ ಫ್ಯಾನ್, ತಾಮ್ರದ ಹೀಟ್‌ಪೈಪ್ ಇರುವ ಗೋಪುರ ಕೂಲರ್ ಮತ್ತು 120 ಮಿ.ಮೀ. ಫ್ಯಾನ್ ಬಳಕೆಗೆ ಬಂದವು. ಈಗಿನ ಸದ್ದಿಲ್ಲದ ಯಂತ್ರಗಳ ಮೂಲಸಾಮಗ್ರಿ ಈ ಮೂರೇ.

ಭೌತಿಕ ತತ್ತ್ವ

ಪ್ರೊಸೆಸರಿನ ಬಿಸಿ ಚಿಪ್ಪಿನಿಂದ ಅದರ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಥರ್ಮಲ್ ಪೇಸ್ಟ್ ಮೂಲಕ ಕೂಲರಿನ ತಳಕ್ಕೆ, ಹೀಟ್‌ಪೈಪ್ ಮೂಲಕ ಫಿನ್ ಎಂಬ ತೆಳು ತಗಡುಗಳಿಗೆ, ಕೊನೆಗೆ ಗಾಳಿಗೆ ಸೇರುತ್ತದೆ. ತಾಮ್ರ ಬಿಸಿಯನ್ನು ಅಲ್ಯೂಮಿನಿಯಮ್ಮಿಗಿಂತ ಸುಮಾರು ಎರಡು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ನಿಂತ ಗಾಳಿ ತಾಮ್ರಕ್ಕೆ ಹೋಲಿಸಿದರೆ ಹತ್ತು ಸಾವಿರ ಪಟ್ಟಿಗೂ ಕೀಳು ವಾಹಕ. ಪೇಸ್ಟ್ ಮಾಡುವುದು ಎರಡು ಲೋಹಗಳ ನಡುವಿನ ಸೂಕ್ಷ್ಮ ಗಾಳಿಗುಳಿಗಳನ್ನು ತುಂಬುವ ಕೆಲಸ ಮಾತ್ರ. ಆದ್ದರಿಂದ ಅದರ ಪದರ ತೆಳುವಾಗಿರಬೇಕು.

ಕ್ಯಾಬಿನೆಟ್ಟಿಗೆ ಬೇಕಾದ ಗಾಳಿಯ ಪ್ರಮಾಣವನ್ನು ಲೆಕ್ಕ ಹಾಕಬಹುದು. ಒಟ್ಟು 300 ವ್ಯಾಟ್ ಬಿಸಿ ಹೊರಸೂಸುವ ಯಂತ್ರದಲ್ಲಿ, ಒಳಬಂದ ಗಾಳಿ 10 ಡಿಗ್ರಿ ಮಾತ್ರ ಬಿಸಿಯಾಗಿ ಹೊರಹೋಗಬೇಕೆಂದರೆ, ಸಮುದ್ರಮಟ್ಟದ 20 ಡಿಗ್ರಿ ಗಾಳಿ ಸೆಕೆಂಡಿಗೆ ಸುಮಾರು 25 ಲೀಟರ್ ಸಾಕು. ಬಾಗಲಕೋಟೆ ಪರಿಸರ ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿದೆ. 550 ಮೀಟರ್ ಎತ್ತರದ, 40 ಡಿಗ್ರಿ ಬಿಸಿಯ ತೆಳುಗಾಳಿಯಾದರೆ ಸುಮಾರು 28 ಲೀಟರ್, ಅಂದರೆ 60 ಸಿಎಫ್‌ಎಂ ಬೇಕು. ಅದೇ ಕೆಲಸಕ್ಕೆ ಫ್ಯಾನ್ ಶೇ. 14ರಷ್ಟು ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ. ಇದರಿಂದ ಏರುವ ಸದ್ದು ಎರಡು ಡೆಸಿಬೆಲ್ ಆಸುಪಾಸು ಮಾತ್ರ.

ಇದಕ್ಕಿಂತ ದೊಡ್ಡ ಹೊರೆ ಕೋಣೆಯ ಬಿಸಿ. ಫ್ಯಾನ್ ವೇಗ ಮತ್ತು ಕೆಲಸದ ಹೊರೆ ಬದಲಾಗದಿದ್ದರೆ, ಕೋಣೆ ಒಂದು ಡಿಗ್ರಿ ಬಿಸಿಯಾದಾಗ ಪ್ರೊಸೆಸರ್ ಕೂಡ ಸುಮಾರು ಒಂದು ಡಿಗ್ರಿ ಬಿಸಿಯಾಗುತ್ತದೆ. 65 ವ್ಯಾಟ್ ಪ್ರೊಸೆಸರಿನ ಮೇಲೆ, ಪ್ರತಿ ವ್ಯಾಟಿಗೆ ಅರ್ಧ ಡಿಗ್ರಿ ಏರಿಕೆ ಬಿಡುವ ಕೂಲರ್ ಇದೆ, ಕ್ಯಾಬಿನೆಟ್ ಒಳಗಿನ ಗಾಳಿ ಕೋಣೆಗಿಂತ ಐದು ಡಿಗ್ರಿ ಬಿಸಿ ಇದೆ ಎಂದಿಟ್ಟುಕೊಂಡರೆ, 22 ಡಿಗ್ರಿಯ ಜನವರಿ ಮುಂಜಾನೆ ಪ್ರೊಸೆಸರ್ 60 ಡಿಗ್ರಿ ಹತ್ತಿರ ನಿಲ್ಲುತ್ತದೆ. ಕೋಣೆ 39 ಡಿಗ್ರಿ ಕಾಯ್ದ ಮೇ ಮಧ್ಯಾಹ್ನ ಅದೇ ಕೆಲಸಕ್ಕೆ 77 ಡಿಗ್ರಿ ಮುಟ್ಟುತ್ತದೆ. ಈಗಿನ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು 95ರಿಂದ 100 ಡಿಗ್ರಿಯಲ್ಲಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುವುದರಿಂದ 77 ಡಿಗ್ರಿ ಅಪಾಯದ ಮಟ್ಟವಲ್ಲ. ಆದರೆ ಫ್ಯಾನಿನ ಮೂಲ ಹೊಂದಿಕೆ ಅದನ್ನು ಅಪಾಯವೆಂದು ಎಣಿಸಿ ವೇಗ ಏರಿಸಿದರೆ ಸದ್ದು ಶುರುವಾಗುತ್ತದೆ. ಫ್ಯಾನ್ ಯಾವ ಗಾಳಿಯನ್ನು ಎಷ್ಟು ಊದಿದರೂ ಯಂತ್ರವನ್ನು ಕೋಣೆಯ ಉಷ್ಣಾಂಶಕ್ಕಿಂತ ತಂಪು ಮಾಡಲಾರದು.

ಸದ್ದಿನ ಮೂಲ ಮತ್ತು ಅಳತೆ

ಸದ್ದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಹತ್ತು ಡೆಸಿಬೆಲ್ ಏರಿದರೆ ಸದ್ದು ಕಿವಿಗೆ ಸುಮಾರು ಇಮ್ಮಡಿಯಾಗಿ ಕೇಳಿಸುತ್ತದೆ. ಒಂದೇ ಬಗೆಯ ಎರಡು ಫ್ಯಾನ್ ಒಟ್ಟಿಗೆ ತಿರುಗಿದರೆ ಏರುವುದು ಮೂರು ಡೆಸಿಬೆಲ್ ಮಾತ್ರ. ಒಂದು ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಹೀಗಾಗಿ ಪೂರ್ಣವೇಗದ ಒಂದು ಫ್ಯಾನಿನ ಬದಲು ಅರ್ಧವೇಗದ ಎರಡು ಫ್ಯಾನ್ ಹಾಕಿದರೆ, ತೆರೆದ ಜಾಗದಲ್ಲಿ ಗಾಳಿ ಅಷ್ಟೇ ಸಾಗುತ್ತದೆ, ಸದ್ದು ಮಾತ್ರ ಸುಮಾರು 12 ಡೆಸಿಬೆಲ್ ತಗ್ಗುತ್ತದೆ. ಗಾತ್ರದ ಲಾಭವೂ ಇಂಥದ್ದೇ. ಒಂದೇ ಆಕಾರದ 80 ಮಿ.ಮೀ. ಫ್ಯಾನಿನಷ್ಟು ಗಾಳಿಯನ್ನು 120 ಮಿ.ಮೀ. ಫ್ಯಾನ್ ಮೂರರಲ್ಲೊಂದು ಪಾಲಿಗಿಂತ ಕಡಿಮೆ ವೇಗದಲ್ಲಿ ಸಾಗಿಸುತ್ತದೆ. ಲೆಕ್ಕದ ಪ್ರಕಾರ ಸದ್ದಿನಲ್ಲಿ ಸುಮಾರು 14 ಡೆಸಿಬೆಲ್ ಉಳಿತಾಯ.

ಸದ್ದಿನ ಸ್ವರೂಪವೂ ಗಣನೆಗೆ ಬರುತ್ತದೆ. ಗಾಳಿ ಹರಿಯುವ ‘ಸುಂಯ್’ ಸದ್ದು ಹರಡಿಕೊಂಡಿರುವುದರಿಂದ ಕಿವಿ ಅದಕ್ಕೆ ಬೇಗ ಒಗ್ಗುತ್ತದೆ. ರೆಕ್ಕೆಗಳು ಜಾಲರಿಯ ಸರಳುಗಳನ್ನು ಹಾಯುವಾಗ ಏಳುವ ಒಂದೇ ಶ್ರುತಿಯ ಗುಂಯ್‌ಗುಟ್ಟುವಿಕೆ, ಬೇರಿಂಗಿನ ಕಟಕಟ, 7,200 ಸುತ್ತಿನ ಹಾರ್ಡ್ ಡಿಸ್ಕ್ ಕ್ಯಾಬಿನೆಟ್ಟಿನ ತಗಡನ್ನು ನಡುಗಿಸುವ ಕಂಪನ — ಇವು ಕಡಿಮೆ ಡೆಸಿಬೆಲ್‌ನಲ್ಲೂ ಕಿರಿಕಿರಿ ಮಾಡುತ್ತವೆ. ಫ್ಯಾನ್ ಪದೇ ಪದೇ ಏರಿಳಿದರೆ ಸ್ಥಿರವಾದ ಸದ್ದಿಗಿಂತ ಹೆಚ್ಚು ಗಮನ ಸೆಳೆಯುತ್ತದೆ.

ಭಾರತದ 2000ನೇ ಸಾಲಿನ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದ ಹೊರಾಂಗಣಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಕೋಣೆಯೊಳಗಿನ ಯಂತ್ರಕ್ಕೆ ಈ ನಿಯಮ ಅನ್ವಯಿಸದಿದ್ದರೂ ಹೋಲಿಕೆಗೆ ಅನುಕೂಲ. ಚೆನ್ನಾಗಿ ಹೊಂದಿಸಿದ ಡೆಸ್ಕ್‌ಟಾಪ್, ಕುರ್ಚಿಯ ದೂರದಲ್ಲಿ 30 ಡೆಸಿಬೆಲ್‌ಗೂ ಕೆಳಗೆ ನಿಲ್ಲಬಲ್ಲದು. ಸೀಲಿಂಗ್ ಫ್ಯಾನ್ ಜೋರಾಗಿ ತಿರುಗುವ ಕೋಣೆಯಲ್ಲಿ ಅದು ಕೇಳುವುದೇ ಇಲ್ಲ. ಸೀಲಿಂಗ್ ಫ್ಯಾನ್ ನಿಲ್ಲಿಸುವ ಚಳಿಗಾಲದ ರಾತ್ರಿಯಲ್ಲಿ ಸಣ್ಣ ಸದ್ದೂ ಎದ್ದು ಕೇಳುತ್ತದೆ.

ರಚನೆ

ಹೀಟ್‌ಸಿಂಕ್: ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ತಳ ಮತ್ತು ಫಿನ್‌ಗಳ ಗುಚ್ಛ. ದೊಡ್ಡ ಕೂಲರುಗಳಲ್ಲಿ ಹೀಟ್‌ಪೈಪ್ ಇರುತ್ತದೆ. ಮುಚ್ಚಿದ ಕೊಳವೆಯೊಳಗಿನ ಅಲ್ಪ ದ್ರವ ಬಿಸಿಯ ತುದಿಯಲ್ಲಿ ಆವಿಯಾಗಿ, ತಂಪು ತುದಿಯಲ್ಲಿ ಮತ್ತೆ ದ್ರವವಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಹಿಂದಿರುಗುತ್ತದೆ. ಈ ಸಾಧನವನ್ನು 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಇಂದಿನ ರೂಪಕ್ಕೆ ತಂದರು.

ಫ್ಯಾನ್: ಚೌಕಟ್ಟು, ರೆಕ್ಕೆಚಕ್ರ, 12 ವೋಲ್ಟ್ ಮೋಟಾರು ಮತ್ತು ಬೇರಿಂಗ್ ಸೇರಿದ ಘಟಕ. ರೂಢಿಯ ಗಾತ್ರಗಳು 80, 92, 120 ಮತ್ತು 140 ಮಿ.ಮೀ. ಜಾಲರಿ, ಫಿನ್ ಇಲ್ಲದ ಬಯಲು ಜಾಗಕ್ಕೆ ಹೆಚ್ಚು ಗಾಳಿ ಸಾಗಿಸುವ ಫ್ಯಾನ್ ಹೊಂದುತ್ತದೆ. ಫಿಲ್ಟರ್, ರೇಡಿಯೇಟರ್ ಅಥವಾ ಒತ್ತಾದ ಫಿನ್‌ಗಳ ಎದುರು ಹೆಚ್ಚು ಸ್ಥಿರ ಒತ್ತಡ ಕೊಡುವ ಅಗಲ ರೆಕ್ಕೆಯ ಫ್ಯಾನ್ ಬೇಕು.

ಬೇರಿಂಗ್: ಸ್ಲೀವ್ ಬೇರಿಂಗ್ ಅಗ್ಗ, ಹೊಸದರಲ್ಲಿ ಮೆತ್ತಗೆ ತಿರುಗುತ್ತದೆ, ಬಿಸಿಯಲ್ಲಿ ಅದರ ಎಣ್ಣೆ ಬೇಗ ಆರುತ್ತದೆ. ಬಾಲ್ ಬೇರಿಂಗ್ ಬಿಸಿ ತಾಳುತ್ತದೆ, ಆದರೆ ತುಸು ಸದ್ದು ಮಾಡುತ್ತದೆ. ದ್ರವಪದರದ ಮೇಲೆ ತಿರುಗುವ ಫ್ಲೂಯಿಡ್ ಡೈನಾಮಿಕ್ ಬೇರಿಂಗಿನಲ್ಲಿ ಎರಡರ ಒಳ್ಳೆಯ ಗುಣಗಳೂ ಬಹುಮಟ್ಟಿಗೆ ಸೇರಿವೆ, ಬೆಲೆ ಹೆಚ್ಚು.

ವೇಗ ನಿಯಂತ್ರಣ: ಮೂರು ತಂತಿಯ ಫ್ಯಾನಿನ ವೇಗವನ್ನು ವೋಲ್ಟೇಜ್ ಇಳಿಸಿ ತಗ್ಗಿಸುತ್ತಾರೆ. ನಾಲ್ಕು ತಂತಿಯ ಪಿಡಬ್ಲ್ಯುಎಂ ಫ್ಯಾನಿಗೆ 12 ವೋಲ್ಟ್ ಸದಾ ಸಿಗುತ್ತದೆ. ನಾಲ್ಕನೇ ತಂತಿಯಲ್ಲಿ ಸುಮಾರು 25 ಕಿಲೋಹರ್ಟ್ಸ್ ಸಂಕೇತ ವೇಗವನ್ನು ನಿರ್ದೇಶಿಸುತ್ತದೆ. ಈ ಆವರ್ತನ ಮನುಷ್ಯರ ಕಿವಿಗೆ ನಿಲುಕುವುದಿಲ್ಲ. ಉಷ್ಣಾಂಶಕ್ಕೆ ತಕ್ಕ ವೇಗದ ರೇಖೆಯನ್ನು ಮದರ್‌ಬೋರ್ಡಿನ ಬಯಾಸ್‌ನಲ್ಲಿ ಹೊಂದಿಸಬಹುದು.

ಎಸ್‌ಎಂಪಿಎಸ್: ದಕ್ಷತೆ ಕಡಿಮೆಯಿದ್ದಷ್ಟೂ ವಿದ್ಯುತ್ತು ಬಿಸಿಯಾಗಿ ಸೋರುತ್ತದೆ, ಅದರೊಳಗಿನ ಫ್ಯಾನ್ ಅಷ್ಟು ದುಡಿಯುತ್ತದೆ. 2004ರಲ್ಲಿ ಆರಂಭವಾದ 80 ಪ್ಲಸ್ ಗುರುತಿನ ಮೂಲದರ್ಜೆಗೆ ಶೇ. 20, 50 ಮತ್ತು 100 ಹೊರೆಗಳಲ್ಲಿ ಕನಿಷ್ಠ ಶೇ. 80 ದಕ್ಷತೆ ಇರಬೇಕು.

ವಿಧಗಳು

ಪ್ರೊಸೆಸರಿನ ಜೊತೆ ಬರುವ ಕೂಲರ್: ಪ್ರೊಸೆಸರ್ ಕೊಂಡಾಗ ಜೊತೆಗೇ ಸಿಗುವ ಗಿಡ್ಡ ಕೂಲರ್. ಗಾಳಿಯನ್ನು ಮೇಲಿನಿಂದ ಮದರ್‌ಬೋರ್ಡಿನತ್ತ ಊದುತ್ತದೆ. ಬರವಣಿಗೆ, ಲೆಕ್ಕಪತ್ರ, ಬ್ರೌಸಿಂಗ್‌ಗೆ ಸಾಕು; ಬೇಸಿಗೆಯ ನಿರಂತರ ಹೊರೆಯಲ್ಲಿ ಸದ್ದು ಮಾಡುತ್ತದೆ.

ಗೋಪುರ ಕೂಲರ್: ಹೀಟ್‌ಪೈಪ್‌ಗಳ ಮೇಲೆ ನಿಂತ ಫಿನ್ ಗೋಪುರ, ಪಕ್ಕದಲ್ಲಿ 120 ಅಥವಾ 140 ಮಿ.ಮೀ. ಫ್ಯಾನ್. ಬಿಸಿಗಾಳಿಯನ್ನು ನೇರ ಹಿಂದಿನ ಹೊರತಳ್ಳು ಫ್ಯಾನಿನತ್ತ ಕಳಿಸುವುದರಿಂದ ಸದ್ದಿಲ್ಲದ ಯಂತ್ರಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಎತ್ತರ 150ರಿಂದ 165 ಮಿ.ಮೀ. ಇರುವುದುಂಟು, ಕ್ಯಾಬಿನೆಟ್ಟಿನ ಅಗಲ ನೋಡಿಕೊಂಡೇ ಆರಿಸಬೇಕು.

ದ್ರವ ಕೂಲರ್: ಪಂಪು, ಕೊಳವೆ, ರೇಡಿಯೇಟರ್ ಸೇರಿದ ಮುಚ್ಚಿದ ಘಟಕ. 200 ವ್ಯಾಟಿಗೂ ಮೀರಿದ ಪ್ರೊಸೆಸರುಗಳಿಗೆ ಉಪಯುಕ್ತ. ಪಂಪಿನ ಸಣ್ಣ ಗುಂಯ್ ಸದ್ದು ಇದ್ದೇ ಇರುತ್ತದೆ. ಕೆಟ್ಟರೆ ರಿಪೇರಿಯಾಗದು, ಇಡೀ ಘಟಕವನ್ನೇ ಬದಲಿಸಬೇಕು. ರೇಡಿಯೇಟರಿನ ಬಿಸಿಯೂ ಕೊನೆಗೆ ಕೋಣೆಯ ಗಾಳಿಗೇ ಸೇರುತ್ತದೆ.

ಫ್ಯಾನ್ ಇಲ್ಲದ ಯಂತ್ರ: ಕ್ಯಾಬಿನೆಟ್ಟಿನ ಲೋಹದ ಮೈಯೇ ಹೀಟ್‌ಸಿಂಕ್. ಕಡಿಮೆ ವ್ಯಾಟಿನ ಪ್ರೊಸೆಸರುಗಳಿಗೆ ಮಾತ್ರ ಹೊಂದುತ್ತದೆ. ಗಾಳಿ ಎಳೆಯದ ಕಾರಣ ಧೂಳು ಒಳಸೇರುವುದು ಕಡಿಮೆ. 40 ಡಿಗ್ರಿ ಕೋಣೆಯಲ್ಲಿ ಇದರ ಸಾಮರ್ಥ್ಯವೂ ಕುಗ್ಗುತ್ತದೆ.

ಫ್ಯಾನ್ ಜೋಡಣೆ

ಸಾಮಾನ್ಯ ಎಟಿಎಕ್ಸ್ ಕ್ಯಾಬಿನೆಟ್ಟಿನಲ್ಲಿ ತಂಪುಗಾಳಿ ಮುಂಭಾಗದ ಕೆಳಗಿನಿಂದ ಬಂದು, ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರನ್ನು ದಾಟಿ, ಹಿಂಭಾಗದ ಮೇಲಿನಿಂದ ಹೊರಹೋಗಬೇಕು. ಮಾಳಿಗೆ ಮನೆಯ ಬೆಳಕಿಂಡಿ ಬಿಸಿಗಾಳಿಯನ್ನು ಮೇಲಿನಿಂದ ಬಿಡುವಂತೆಯೇ ಇಲ್ಲೂ ಮೇಲಿನ ಹಿಂಬದಿ ಬಿಸಿಯ ಸಹಜ ಬಾಗಿಲು. ಆದರೆ ಕ್ಯಾಬಿನೆಟ್ಟಿನೊಳಗೆ ಬಿಸಿಗಾಳಿ ತಾನಾಗಿ ಏರುವ ಬಲ ಬಹಳ ಕಡಿಮೆ. ನಿಧಾನದ ಫ್ಯಾನ್ ಕೂಡ ಅದನ್ನು ಮೀರಿಸುತ್ತದೆ.

ಫ್ಯಾನಿನ ಚೌಕಟ್ಟಿನಲ್ಲಿ ಮೋಟಾರನ್ನು ಹಿಡಿದ ಕಡ್ಡಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ. ಕೆಲವು ಚೌಕಟ್ಟುಗಳ ಮೇಲೆ ಬಾಣದ ಗುರುತೂ ಇರುತ್ತದೆ. ಜೋಡಿಸುವಾಗ ಈ ದಿಕ್ಕು ತಪ್ಪಿದರೆ ಎರಡು ಫ್ಯಾನ್ ಒಂದರ ಗಾಳಿಯನ್ನು ಇನ್ನೊಂದು ತಡೆಯುತ್ತವೆ.

ಮುಂದೆ ಎರಡು ಒಳಸೆಳೆ, ಹಿಂದೆ ಒಂದು ಹೊರತಳ್ಳು ಫ್ಯಾನ್ ಇರುವ ಜೋಡಣೆ ಹೆಚ್ಚಿನ ಬಳಕೆಗೆ ಸಾಕು. ಒಳಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿದ್ದರೆ ಕ್ಯಾಬಿನೆಟ್ಟಿನೊಳಗೆ ಧನ ಒತ್ತಡ ಉಂಟಾಗಿ, ಸಂದಿಗೊಂದಿಗಳಿಂದ ಗಾಳಿ ಹೊರಕ್ಕೇ ಸೋರುತ್ತದೆ. ಒಳದಾರಿಗೆ ಫಿಲ್ಟರ್ ಇದ್ದರೆ ಧೂಳು ಅಲ್ಲೇ ನಿಲ್ಲುತ್ತದೆ. ಹೊರತಳ್ಳುವ ಫ್ಯಾನ್‌ಗಳೇ ಹೆಚ್ಚಾದರೆ ಋಣ ಒತ್ತಡ; ಆಗ ಯುಎಸ್‌ಬಿ ಕಿಂಡಿ, ಕಾರ್ಡ್ ಪಟ್ಟಿಯ ಸಂದುಗಳಿಂದಲೂ ಸೋಸದ ಗಾಳಿ ಧೂಳಿನ ಸಮೇತ ನುಗ್ಗುತ್ತದೆ. ಧೂಳಿನ ಊರುಗಳಲ್ಲಿ ಧನ ಒತ್ತಡವೇ ವಾಡಿಕೆಯ ಶಿಫಾರಸು. ಫಿಲ್ಟರ್ ಇಲ್ಲದೆ ಧನ ಒತ್ತಡದಿಂದ ಈ ಲಾಭವಿಲ್ಲ.

ಮೇಲ್ಭಾಗದ ಮುಂತುದಿಯಲ್ಲಿ ಹೊರತಳ್ಳು ಫ್ಯಾನ್ ಹಾಕಿದರೆ, ಪ್ರೊಸೆಸರನ್ನು ಮುಟ್ಟುವ ಮುಂಚೆಯೇ ತಂಪುಗಾಳಿ ಹೊರಗೆ ಹಾರಿಹೋಗುತ್ತದೆ. ಮೇಲೆ ಫ್ಯಾನ್ ಬೇಕೇ ಆದರೆ ಹಿಂತುದಿಯ ಜಾಗ ಸರಿ. ಗಟ್ಟಿ ಗಾಜು ಅಥವಾ ಪ್ಲಾಸ್ಟಿಕ್ ಮುಂಬಾಗಿಲಿನ ಕ್ಯಾಬಿನೆಟ್ಟಿಗಿಂತ ಜಾಲರಿ ಮುಂಭಾಗದ್ದರಲ್ಲಿ ಫ್ಯಾನ್ ಕಡಿಮೆ ವೇಗದಲ್ಲಿ ಸಾಕಷ್ಟು ಗಾಳಿ ಎಳೆಯುತ್ತದೆ. ಕೆಳಗೆ ಕೂರುವ ಎಸ್‌ಎಂಪಿಎಸ್‌ನ ಫ್ಯಾನ್ ತಳದ ಫಿಲ್ಟರ್ ಮೂಲಕ ಉಸಿರಾಡುವಂತೆ ಕೆಳಮುಖವಾಗಿರಬೇಕು. ತಳದಲ್ಲಿ ಕಿಂಡಿ ಇಲ್ಲದ ಕ್ಯಾಬಿನೆಟ್ಟಿನಲ್ಲಿ ಮೇಲ್ಮುಖವಾಗಿ.

ಕ್ಯಾಬಿನೆಟ್ಟಿನ ಹೊರಗಿನ ಜಾಗವೂ ಜೋಡಣೆಯ ಭಾಗ. ಹಿಂದೆ ಗೋಡೆಗೆ ಒಂದು ಗೇಣಿನಷ್ಟಾದರೂ ಅಂತರ ಬೇಕು. ಕಂಪ್ಯೂಟರ್ ಟೇಬಲ್ಲಿನ ಮುಚ್ಚಿದ ಖಾನೆಯಲ್ಲಿಟ್ಟರೆ ಹೊರಬಂದ ಬಿಸಿಗಾಳಿ ಮತ್ತೆ ಮುಂದಿನಿಂದ ಒಳಸೇರಿ ಸುತ್ತುತ್ತದೆ. ಆಗ ಒಳಗಿನ ಫ್ಯಾನ್ ಎಷ್ಟು ಬೆಲೆಯದ್ದಾದರೂ ಸದ್ದು ತಗ್ಗುವುದಿಲ್ಲ. ಖಾನೆಯ ಹಿಂಬದಿ ಹಲಗೆ ತೆಗೆಯುವುದು ಖರ್ಚಿಲ್ಲದ ಪರಿಹಾರ.

ಪ್ರಾದೇಶಿಕ ಸ್ಥಿತಿ

ಬಾಗಲಕೋಟೆ ಜಿಲ್ಲೆ 1997ರಲ್ಲಿ ಅಂದಿನ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟಿತು. ಮಳೆನೆರಳಿನ ಈ ಒಣನಾಡಿನಲ್ಲಿ ಮಾರ್ಚ್‌ನಿಂದ ಮೇವರೆಗೆ ಬೇಸಿಗೆ ತೀವ್ರ. ಕೃಷ್ಣಾ ಮೇಲ್ದಂಡೆ ಯೋಜನೆಯ ಹಿನ್ನೀರಿನಿಂದ ಸ್ಥಳಾಂತರಗೊಂಡವರಿಗಾಗಿ ಕಟ್ಟಿದ ನವನಗರದಲ್ಲಿ ಆರ್‌ಸಿಸಿ ಮನೆಗಳೇ ಹೆಚ್ಚು. ಹಗಲಿಡೀ ಕಾಯ್ದ ಆರ್‌ಸಿಸಿ ಚಾವಣಿ ಸಂಜೆಯ ಮೇಲೂ ಬಿಸಿ ಬಿಡುತ್ತದೆ. ಮೇಲಂತಸ್ತಿನ ಕೋಣೆಯ ಯಂತ್ರ ಹಗಲಿನ ಫ್ಯಾನ್ ವೇಗದಲ್ಲೇ ರಾತ್ರಿಯೂ ಓಡುವುದಕ್ಕೆ ಇದು ಕಾರಣ.

ಬಾದಾಮಿಯ ಹಳೆಯ ಓಣಿಗಳ ದಪ್ಪ ಕಲ್ಲುಗೋಡೆಯ ಮನೆಗಳು ಹಗಲಿನಲ್ಲಿ ಹೊರಗಿಗಿಂತ ತಂಪಾಗಿರುತ್ತವೆ. ಆದರೆ ಕಿಟಕಿ ಚಿಕ್ಕದು, ಗಾಳಿಯಾಟ ಕಡಿಮೆ. ಅಂಥ ಕೋಣೆಯಲ್ಲಿ 300 ವ್ಯಾಟಿನ ಯಂತ್ರ ಗಂಟೆಗಟ್ಟಲೆ ಓಡಿದರೆ ಚಿಕ್ಕ ಹೀಟರ್ ಉರಿಸಿದಂತೆಯೇ. ಬಾಗಿಲು ತೆರೆದಿಡುವುದು ಮತ್ತು ಯಂತ್ರದ ಹಿಂಬದಿಯನ್ನು ಕಿಟಕಿಯ ಕಡೆ ತಿರುಗಿಸುವುದು ಇಲ್ಲಿ ಹೆಚ್ಚುವರಿ ಫ್ಯಾನಿಗಿಂತ ಪರಿಣಾಮಕಾರಿ.

ಹುನಗುಂದದ ಸುತ್ತ ಎರೆಭೂಮಿ. ಬೇಸಿಗೆಯಲ್ಲಿ ಬಿರಿದ ಎರೆಮಣ್ಣಿನ ನುಣ್ಣನೆ ಧೂಳು ಗಾಳಿಗೆ ಎದ್ದು ಎಲ್ಲ ಸಂದುಗಳನ್ನೂ ಹೊಗುತ್ತದೆ. ಫಿನ್‌ಗಳ ನಡುವೆ ಪದರವಾಗಿ ಕೂರುತ್ತದೆ. ಇಳಕಲ್‌ನಲ್ಲಿ ಎರಡು ಬಗೆಯ ಧೂಳಿದೆ. ಸೀರೆ ನೇಯುವ ಮಗ್ಗಗಳಿರುವ ಮನೆಗಳಲ್ಲಿ ನೂಲಿನ ಎಳೆ ಮತ್ತು ಹಿಂಜು ಹಾರಾಡುತ್ತವೆ. ಇವು ಫಿಲ್ಟರಿನ ಮೇಲೆ ಹೆಣೆದುಕೊಂಡು ತೆಳು ಕಂಬಳಿಯಂಥ ಪದರವಾಗುತ್ತವೆ. ಗಾಳಿಯ ದಾರಿ ಕಟ್ಟಿ ಫ್ಯಾನ್ ಜೋರಾಗುತ್ತದೆ. ಆದರೆ ಬೆರಳಲ್ಲಿ ಹಿಡಿದು ಸುಲಭವಾಗಿ ಕಿತ್ತು ತೆಗೆಯಬಹುದು. ಕೆಂಪು ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಘಟಕಗಳ ಹತ್ತಿರ ಕಲ್ಲಿನ ಪುಡಿ ಹಾರುತ್ತದೆ. ಅದರಲ್ಲಿನ ಸ್ಫಟಿಕಶಿಲೆಯ ಕಣಗಳು ಗಡಸು. ಬೇರಿಂಗಿಗೆ ಸೇರಿದರೆ ಅದನ್ನು ತೇಯುತ್ತವೆ. ಇಂಥ ಕಡೆ ಒತ್ತು ನೇಯ್ಗೆಯ ಫಿಲ್ಟರ್ ಮತ್ತು ಬಾಯಿಮುಚ್ಚಿದ ಬೇರಿಂಗಿನ ಫ್ಯಾನ್ ಅಗತ್ಯ.

ನಾಲ್ಕೂ ಊರುಗಳ ಮನೆಗಳಲ್ಲಿ ಪರಸಿ ಕಲ್ಲಿನ ಅಥವಾ ಟೈಲ್ಸಿನ ನೆಲ ಸಾಮಾನ್ಯ. ಕ್ಯಾಬಿನೆಟ್ಟನ್ನು ನೇರ ನೆಲದ ಮೇಲಿಟ್ಟರೆ ಕಸ ಗುಡಿಸುವಾಗ ಏಳುವ ಧೂಳನ್ನು ತಳದ ಕಿಂಡಿ ಎಳೆದುಕೊಳ್ಳುತ್ತದೆ. ಗಟ್ಟಿ ನೆಲ ಸದ್ದನ್ನೂ ಹಿಂದಿರುಗಿಸುತ್ತದೆ. ಒಂದು ಅಡಿಯಷ್ಟು ಎತ್ತರದ ಸ್ಟ್ಯಾಂಡ್ ಮೇಲೆ, ಅಡಿಯಲ್ಲಿ ರಬ್ಬರ್ ತುಂಡು ಕೊಟ್ಟು ಇಡುವುದು ಲೇಸು. ರೂಮ್ ಕೂಲರ್ ಕೋಣೆಯನ್ನು ಕೆಲವು ಡಿಗ್ರಿ ತಂಪು ಮಾಡಿ ಯಂತ್ರಕ್ಕೂ ನೆರವಾಗುತ್ತದೆ. ಯಂತ್ರದ ಭಾಗಗಳು ಕೋಣೆಗಿಂತ ಬಿಸಿಯಾಗಿರುವುದರಿಂದ ಒಳಗೆ ನೀರು ಹನಿಗಟ್ಟುವುದಿಲ್ಲ. ಆದರೆ ರೂಮ್ ಕೂಲರಿನ ತೇವದ ಗಾಳಿ ನೇರ ಕ್ಯಾಬಿನೆಟ್ಟಿಗೆ ಬಡಿದರೆ ಧೂಳು ಕೆಸರಿನಂತೆ ಅಂಟುತ್ತದೆ.

ಈ ಭಾಗಕ್ಕೆ ವಿದ್ಯುತ್ ಪೂರೈಸುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಹೆಸ್ಕಾಂ. ಕರೆಂಟ್ ಹೋದಾಗ ಇನ್ವರ್ಟರ್ ಇಲ್ಲದ ಕಡೆ ಸೀಲಿಂಗ್ ಫ್ಯಾನ್ ನಿಲ್ಲುತ್ತದೆ, ಕಂಪ್ಯೂಟರ್ ಯುಪಿಎಸ್ ಮೇಲೆ ಓಡುತ್ತದೆ. ಕ್ಯಾಬಿನೆಟ್ ಫ್ಯಾನ್ ಒಂದಕ್ಕೆ ಬೇಕಾಗುವುದು ಎರಡು ಮೂರು ವ್ಯಾಟ್ ಮಾತ್ರ. ಯುಪಿಎಸ್‌ಗೆ ಅದು ಹೊರೆಯಲ್ಲ.

ಬಳಕೆಯ ನೆಲೆಗಳು ಮತ್ತು ಆಯ್ಕೆ

ಕಚೇರಿ ಮತ್ತು ಸೇವಾ ಕೇಂದ್ರ: ನವನಗರದ ಸರ್ಕಾರಿ ಕಚೇರಿಗಳು, ನಾಡಕಚೇರಿಗಳು, 2022ರಲ್ಲಿ ಆರಂಭವಾದ ಗ್ರಾಮ ಒನ್ ಕೇಂದ್ರಗಳಲ್ಲಿ ಅರ್ಜಿ ತುಂಬುವುದು, ಪ್ರಿಂಟ್ ತೆಗೆಯುವುದು ಮುಖ್ಯ ಕೆಲಸ. 65 ವ್ಯಾಟ್ ಪ್ರೊಸೆಸರ್, ಅದರದೇ ಗ್ರಾಫಿಕ್ಸ್, ಎಸ್‌ಎಸ್‌ಡಿ ಮತ್ತು ಹಿಂದೊಂದು, ಮುಂದೊಂದು 120 ಮಿ.ಮೀ. ಫ್ಯಾನ್ ಸಾಕು. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದರೆ ಕಂಪನದ ಸದ್ದು ಪೂರ್ತಿ ನಿಲ್ಲುತ್ತದೆ.

ವಿದ್ಯಾಸಂಸ್ಥೆ: ಬಾಗಲಕೋಟೆಯಲ್ಲಿ 1963ರಲ್ಲಿ ಆರಂಭವಾದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು, 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇವೆ. ಯಾವುದೇ ಕಾಲೇಜು ಲ್ಯಾಬಿನಲ್ಲಿ ಹತ್ತಾರು ಯಂತ್ರಗಳು ಒಟ್ಟಿಗೆ ಓಡುವಾಗ ಸದ್ದು ಕೂಡುತ್ತದೆ: ಸಮಾನ ಸದ್ದಿನ ಹತ್ತು ಯಂತ್ರಗಳು ಒಂದಕ್ಕಿಂತ 10 ಡೆಸಿಬೆಲ್ ಜೋರು. ಎದುರುಬದುರು ಸಾಲುಗಳಲ್ಲಿ ಒಂದು ಸಾಲಿನ ಬಿಸಿಗಾಳಿ ಇನ್ನೊಂದರ ಮುಂಭಾಗಕ್ಕೆ ಬಡಿಯದಂತೆ ಮೇಜು ಜೋಡಿಸಬೇಕು.

ವಿನ್ಯಾಸ ಮತ್ತು ಮುದ್ರಣ: ಡಿಟಿಪಿ, ಫೋಟೊ ಆಲ್ಬಮ್, ಕಟ್ಟಡ ನಕ್ಷೆ, ಸೀರೆಯಂಚಿನ ಜಕಾರ್ಡ್ ನಕ್ಷೆಯಂಥ ಕೆಲಸಗಳಿಗೆ ಗೋಪುರ ಕೂಲರ್ ಮತ್ತು ಮೂರು ಕ್ಯಾಬಿನೆಟ್ ಫ್ಯಾನ್ ಹೊಂದುತ್ತವೆ. 30 ವ್ಯಾಟಿನ ಜಿಟಿ 1030 ಮಟ್ಟದ ಗ್ರಾಫಿಕ್ಸ್ ಕಾರ್ಡುಗಳು ಫ್ಯಾನ್ ಇಲ್ಲದೆಯೂ ದೊರೆಯುತ್ತವೆ.

ವಿಡಿಯೊ ಎಡಿಟಿಂಗ್, ಆಟ: 170 ವ್ಯಾಟಿನ ಆರ್‌ಟಿಎಕ್ಸ್ 3060ರಂಥ ಕಾರ್ಡ್ ಇದ್ದರೆ ಪ್ರೊಸೆಸರಿಗಿಂತ ಕಾರ್ಡೇ ಹೆಚ್ಚು ಸದ್ದು ಮಾಡುತ್ತದೆ. ಮುಂಭಾಗದ ಕೆಳಗಿನ ಫ್ಯಾನ್ ನೇರ ಕಾರ್ಡಿಗೆ ಗಾಳಿ ಕೊಡುವಂತಿರಬೇಕು.

ಧ್ವನಿಮುದ್ರಣ: ಯಂತ್ರವನ್ನು ಮೈಕಿನಿಂದ ದೂರ ಇಡುವುದೇ ಮೊದಲ ಉಪಾಯ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಇಳಿಕೆ ಅದಕ್ಕಿಂತ ಕಡಿಮೆ.

ಫ್ಯಾನಿನ ವೇಗರೇಖೆ ಬೇಸಿಗೆಗೆ ತಕ್ಕಂತಿರಬೇಕು. 40 ಡಿಗ್ರಿ ಕೋಣೆಯಲ್ಲಿ ಕೆಲಸವಿಲ್ಲದ ಪ್ರೊಸೆಸರೂ 50 ಡಿಗ್ರಿ ದಾಟಬಹುದು. ರೇಖೆ 50ರಲ್ಲೇ ಏರತೊಡಗಿದರೆ ಫ್ಯಾನ್ ಸದಾ ಏರಿಳಿಯುತ್ತದೆ. 60–65 ಡಿಗ್ರಿವರೆಗೆ ಒಂದೇ ನಿಧಾನ ವೇಗ, ಆಮೇಲೆ ಕ್ರಮೇಣ ಏರಿಕೆ, 85ರ ಹೊತ್ತಿಗೆ ಪೂರ್ಣ ವೇಗ, ಬದಲಾವಣೆಗೆ ಕೆಲವು ಸೆಕೆಂಡುಗಳ ವಿಳಂಬ — ಇದು ಬಳಸಬಹುದಾದ ಹೊಂದಿಕೆ.

ನಿರ್ವಹಣೆ

ಹೊಸದರಲ್ಲಿ ಸದ್ದಿಲ್ಲದ ಯಂತ್ರ ಧೂಳು ತುಂಬಿದರೆ ಗದ್ದಲದ ಯಂತ್ರವಾಗುತ್ತದೆ. ಮುಂಭಾಗದ ಫಿಲ್ಟರನ್ನು ತಿಂಗಳಿಗೊಮ್ಮೆ, ಮಗ್ಗ ಅಥವಾ ಕಲ್ಲಿನ ಘಟಕದ ಹತ್ತಿರ ವಾರಕ್ಕೊಮ್ಮೆ ಕೊಡವಿ ಒರೆಸಬೇಕು. ನೈಲಾನ್ ಫಿಲ್ಟರನ್ನು ನೀರಿನಲ್ಲಿ ತೊಳೆಯಬಹುದು. ಪೂರ್ತಿ ಒಣಗಿದ ಮೇಲೆ ಹಾಕಬೇಕು. ಒಳಭಾಗದ ಸಫಾಯಿಗೆ ಬೇಸಿಗೆಯ ಮುಂಚಿನ ಫೆಬ್ರುವರಿ ಮತ್ತು ಮಳೆಗಾಲದ ನಂತರದ ಅಕ್ಟೋಬರ್ ಸೂಕ್ತ ಕಾಲ.

ಸಫಾಯಿಗೆ ಮುಂಚೆ ಪ್ಲಗ್ ಕಿತ್ತು, ಕ್ಯಾಬಿನೆಟ್ಟನ್ನು ಕೋಣೆಯ ಹೊರಗೆ ಒಯ್ಯಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದು ನಿಲ್ಲಿಸಬೇಕು. ಇಲ್ಲದಿದ್ದರೆ ಮಿತಿಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಎಸ್‌ಎಂಪಿಎಸ್ಸನ್ನು ಬಿಚ್ಚಬಾರದು: ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು. ಕೂಲರ್ ತೆಗೆದಾಗಲೆಲ್ಲ ಹಳೆಯ ಪೇಸ್ಟ್ ಒರೆಸಿ ಹೊಸದಾಗಿ ಹಚ್ಚಬೇಕು. ಬೇರಿಂಗ್ ಸದ್ದು ಮಾಡತೊಡಗಿದ ಫ್ಯಾನಿಗೆ ಎಣ್ಣೆ ಹಾಕುವುದು ತಾತ್ಕಾಲಿಕ, ಬದಲಿಸುವುದೇ ಸರಿ.

ಈಗಿನ ಸ್ಥಿತಿ

ಪ್ರೊಸೆಸರುಗಳ ಬಿಸಿ ಇಂದು ಎರಡು ದಿಕ್ಕಿನಲ್ಲಿ ಸಾಗಿದೆ. 2022ರ ಕೋರ್ ಐ9-13900ಕೆ ಗರಿಷ್ಠ 253 ವ್ಯಾಟ್, ಅದೇ ವರ್ಷದ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ 450 ವ್ಯಾಟ್ ಬಳಸುತ್ತವೆ. ಇನ್ನೊಂದೆಡೆ, ಅಂಗೈಯಗಲದ ಮಿನಿ ಪಿಸಿಗಳು ಹತ್ತಾರು ವ್ಯಾಟ್‌ಗಳಲ್ಲೇ ಕಚೇರಿ ಕೆಲಸ ಮುಗಿಸುತ್ತವೆ. ಮಿನಿ ಪಿಸಿಗಳ ಪುಟ್ಟ ಬ್ಲೋವರ್ ಧೂಳಿಗೆ ಬೇಗ ಕಟ್ಟಿಕೊಳ್ಳುತ್ತದೆ, ಹೊರೆ ಬಿದ್ದಾಗ ಕೀರಲು ಸದ್ದು ಮಾಡುತ್ತದೆ. ಹೊರೆ ಕಡಿಮೆಯಿದ್ದಾಗ ಫ್ಯಾನ್ ಪೂರ್ತಿ ನಿಲ್ಲಿಸುವ ಎಸ್‌ಎಂಪಿಎಸ್ ಮತ್ತು ಗ್ರಾಫಿಕ್ಸ್ ಕಾರ್ಡುಗಳು, ಜಾಲರಿ ಮುಂಭಾಗದ ಕ್ಯಾಬಿನೆಟ್‌ಗಳು, 140 ಮಿ.ಮೀ. ಫ್ಯಾನ್‌ಗಳು ಮಧ್ಯಮ ಬೆಲೆಗೂ ಸಿಗುತ್ತಿವೆ. ಬಣ್ಣದ ದೀಪದ ಫ್ಯಾನ್‌ಗಳಿಗೂ ಬೇಡಿಕೆಯಿದೆ. ದೀಪಕ್ಕೂ ಗಾಳಿಯ ಸಾಮರ್ಥ್ಯಕ್ಕೂ ಸಂಬಂಧವಿಲ್ಲ.

ಕಚೇರಿಗಳಿಂದ ಬಿಡುಗಡೆಯಾಗಿ ಸೆಕೆಂಡ್ ಹ್ಯಾಂಡ್ ಮಾರಾಟವಾಗುವ ಬ್ರ್ಯಾಂಡೆಡ್ ಯಂತ್ರಗಳಲ್ಲಿ ಹಲವಕ್ಕೆ ಆ ಕಂಪನಿಯದೇ ಅಳತೆಯ ಫ್ಯಾನ್, ಎಸ್‌ಎಂಪಿಎಸ್ ಮತ್ತು ಕನೆಕ್ಟರ್ ಇರುತ್ತವೆ. ಅಂಥವುಗಳಲ್ಲಿ ಫ್ಯಾನ್ ಬದಲಿಸುವುದಕ್ಕಿಂತ ಸಫಾಯಿ, ಹೊಸ ಪೇಸ್ಟ್ ಮತ್ತು ಎಸ್‌ಎಸ್‌ಡಿ ಅಳವಡಿಕೆಯೇ ಸದ್ದು ತಗ್ಗಿಸುವ ಸಾಧ್ಯ ಮಾರ್ಗ. ಅಸೆಂಬಲ್ ಮಾಡಿಸುವ ಯಂತ್ರಗಳಿಗೆ ರೂಢಿಯ ಅಳತೆಯ ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಿಂದಲೂ ಆನ್‌ಲೈನ್‌ನಲ್ಲೂ ತರಿಸಿಕೊಳ್ಳಬಹುದು. ಕೆಟ್ಟ ಫ್ಯಾನ್, ಎಸ್‌ಎಂಪಿಎಸ್, ಮದರ್‌ಬೋರ್ಡುಗಳು ಇ-ತ್ಯಾಜ್ಯ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿಯಮಗಳಂತೆ ಅವು ನೋಂದಾಯಿತ ಮರುಬಳಕೆದಾರರಿಗೆ ತಲುಪಬೇಕು.